ಎರಡೆರಡು ಸಲ ಕಟ್ಟಿದ ಸೇತುವೆಗಳು

(ಉಪನ್ಯಾಸವೊಂದರ ಬರಹ ರೂಪ. ಪರದೆಯ ಮೇಲೆ ಚಿತ್ರ ತೋರಿಸುತ್ತಾ ಹೇಳಿದ ಕೆಲವು ಮಾತುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಂಗೆರಿಯ ರಾಜಧಾನಿ ಬುಡಾಪೆಸ್ಟಿನ ಸೇತುವೆಗಳು ಬಿದ್ದ ತಾರೀಖುಗಳಿಂದಲೇ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 1945ರ ಜನವರಿ 14, ಹೋರ್ತಿ ಸೇತುವೆ. ಜನವರಿ 16, ಫ್ರಾನ್ಜ್ ಜೋಸೆಫ್ ಸೇತುವೆ. ಜನವರಿ 18, ಸರಪಳಿ ಸೇತುವೆ, ಎಲಿಜಬೆತ್ ಸೇತುವೆ, ಮತ್ತು ಮಾರ್ಗರೆಟ್ ಸೇತುವೆಯಲ್ಲಿ ಅದುವರೆಗೆ ಉಳಿದುಕೊಂಡಿದ್ದ ಭಾಗ. ಐದು ದಿನ ಮುಗಿಯುವಷ್ಟರಲ್ಲಿ ಬುಡಾಪೆಸ್ಟ್ ನಗರದ ನಡುವೆ ಡಾನ್ಯೂಬ್ ನದಿಯನ್ನು ದಾಟಲು ಒಂದು ಸೇತುವೆಯೂ ಇರಲಿಲ್ಲ. ಪೂರ್ವದಿಂದ ಸೋವಿಯತ್ ಸೇನೆ ನುಗ್ಗುತ್ತಿತ್ತು. ಜರ್ಮನ್ ಸೇನೆ ಪೂರ್ವ ದಂಡೆಯ ಪೆಸ್ಟ್ ಅನ್ನು ಬಿಟ್ಟು ಪಶ್ಚಿಮ ದಂಡೆಯ ಬುಡಾಕ್ಕೆ ಸರಿಯಿತು. ಸರಿಯುವಾಗ ಹಿಂದಿದ್ದ ದಾರಿಯನ್ನೆಲ್ಲ ಸಿಡಿಮದ್ದಿಟ್ಟು ಹಾರಿಸಿತು. ಹಾಗೆ ಮಾಡಿದ್ದರಿಂದ ಅವರಿಗೆ ಸಿಕ್ಕಿದ್ದು ಒಂದು ತಿಂಗಳೂ ಇಲ್ಲ. ಫೆಬ್ರುವರಿ 13ಕ್ಕೆ ಬುಡಾ ಕೂಡ ಬಿತ್ತು.

ಈಗ ಆ ಊರಿಗೆ ಹೋದವರು ತೆಗೆದುಕೊಂಡು ಬರುವ ಫೋಟೋಗಳನ್ನು ನೋಡಿ. ಕೆಳಗೆ 'ಹತ್ತೊಂಬತ್ತನೇ ಶತಮಾನದ ಭವ್ಯ ಸೇತುವೆ' ಎಂದು ಬರೆದಿರುತ್ತಾರೆ. ತಪ್ಪೇನಲ್ಲ, ಆದರೆ ಅದು ಅರ್ಧ ಕಥೆ. ನಾವು ಇಂದು ನೋಡುವ ಪ್ರತಿಯೊಂದು ಹಳೆಯ ಸೇತುವೆಯೂ ಅಲ್ಲಿ ಎರಡನೆಯ ಸಲ ಕಟ್ಟಿದ್ದು. ಮೊದಲ ಸಲ ಕಟ್ಟಿದಾಗ ಹಣ ಯಾರದು, ಹೆಸರು ಯಾರದು ಎಂಬ ಜಗಳ. ಎರಡನೆಯ ಸಲ ಕಟ್ಟುವಾಗ ಎದುರಾದದ್ದು ಬೇರೆಯೇ ಪ್ರಶ್ನೆ: ಇದ್ದದ್ದನ್ನು ಇದ್ದಂತೆ ಕಟ್ಟಬೇಕೋ, ಸ್ವಲ್ಪ ತಿದ್ದಬೇಕೋ, ಬಿಟ್ಟು ಹೊಸದನ್ನೇ ಮಾಡಬೇಕೋ? ಒಂದೇ ಊರು, ಒಂದೇ ನದಿ, ಹೆಚ್ಚುಕಡಿಮೆ ಒಂದೇ ಕಾಲ. ಆದರೂ ಪ್ರತಿ ಸೇತುವೆಗೂ ಬೇರೆ ಬೇರೆ ಉತ್ತರ ಸಿಕ್ಕಿತು. ನನಗೆ ಆ ಊರಿನ ಸೇತುವೆಗಳಲ್ಲಿ ಕುತೂಹಲ ಹುಟ್ಟಿಸಿದ್ದು ಅವುಗಳ ಚೆಲುವಿಗಿಂತ ಹೆಚ್ಚಾಗಿ ಈ ಉತ್ತರಗಳು.

ಮೊದಲು ನದಿಯ ವಿಷಯ. ನಗರದ ನಡುವೆ ಡಾನ್ಯೂಬ್ ಸುಮಾರು 300ರಿಂದ 400 ಮೀಟರ್ ಅಗಲ. ಗೆಲ್ಲೆರ್ಟ್ ಗುಡ್ಡದ ಬುಡದಲ್ಲಿ ಇನ್ನೂ ಕಿರಿದು. ಪಶ್ಚಿಮಕ್ಕೆ ಬುಡಾ: ಗುಡ್ಡ, ಕೋಟೆ, ಬಿಸಿನೀರಿನ ಬುಗ್ಗೆಗಳು. ಪೂರ್ವಕ್ಕೆ ಪೆಸ್ಟ್: ಬಯಲು, ವ್ಯಾಪಾರ, ಪ್ರವಾಹದ ಭಯ. ಎರಡೂ ಬೇರೆ ಬೇರೆ ಊರುಗಳು. ನಡುವೆ ಇದ್ದದ್ದು ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸಿದ ತೇಲುಸೇತುವೆ. ಚಳಿಗಾಲ ಬಂತೆಂದರೆ ನದಿಯಲ್ಲಿ ಮಂಜುಗಡ್ಡೆಯ ಬಂಡೆಗಳು ತೇಲಿಬರುತ್ತಿದ್ದವು. ಅದಕ್ಕೇ ಸೇತುವೆಯನ್ನು ಬಿಚ್ಚಿ ದಡಕ್ಕೆ ಎಳೆದಿಡುತ್ತಿದ್ದರು. ನದಿ ಪೂರ್ತಿ ಹೆಪ್ಪುಗಟ್ಟಿದರೆ ಮೇಲೆ ನಡೆದು, ಗಾಡಿ ಹೊಡೆದು ದಾಟಬಹುದು. ಹೆಪ್ಪುಗಟ್ಟದೆ, ಕರಗಿಯೂ ಮುಗಿಯದ ದಿನಗಳಿವೆಯಲ್ಲ, ಅವೇ ಕಷ್ಟದವು. ಆಗ ದೋಣಿಯೂ ಹೋಗದು, ಕಾಲೂ ಹೋಗದು.

1820ರ ಡಿಸೆಂಬರಿನಲ್ಲಿ ಇಂಥದ್ದೇ ದಿನಗಳಲ್ಲಿ ಸೆಚೆನಿ ಇಶ್ತ್ವಾನ್ ಎಂಬ ಯುವ ಶ್ರೀಮಂತ ಪೆಸ್ಟ್ ದಂಡೆಯಲ್ಲಿ ಸಿಕ್ಕಿಹಾಕಿಕೊಂಡ. ವಿಯೆನ್ನಾದಲ್ಲಿ ಅವನ ತಂದೆ ತೀರಿಕೊಂಡಿದ್ದರು, ಅಂತ್ಯಕ್ರಿಯೆಗೆ ಹೋಗಬೇಕಿತ್ತು. ಸುಮಾರು ಒಂದು ವಾರ ಕಾಯಬೇಕಾಯಿತು. ಬುಡಾಕ್ಕೂ ಪೆಸ್ಟಿಗೂ ನಡುವೆ ಸೇತುವೆ ಆಗುವುದಾದರೆ ನನ್ನ ಒಂದು ವರ್ಷದ ವರಮಾನವನ್ನೇ ಕೊಡುತ್ತೇನೆ ಎಂದು ಆಗ ದಿನಚರಿಯಲ್ಲಿ ಬರೆದುಕೊಂಡ. ಶ್ರೀಮಂತರು ಸಿಟ್ಟಿನಲ್ಲಿ ಇಂಥ ಮಾತು ಬರೆಯುವುದು, ಎರಡು ದಿನ ಕಳೆದ ಮೇಲೆ ಮರೆಯುವುದು ಸಾಮಾನ್ಯ. ಇವನು ಮರೆಯಲಿಲ್ಲ. 1832ರಲ್ಲಿ ಸೇತುವೆಗಾಗಿಯೇ ಒಂದು ಸಂಘ ಕಟ್ಟಿದ. ಅದೇ ವರ್ಷ ಗೆಳೆಯ ಆಂದ್ರಾಶಿಯ ಜೊತೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ತೂಗುಸೇತುವೆಗಳನ್ನು ನೋಡಿ, ಎಂಜಿನಿಯರುಗಳನ್ನು ಕಂಡು ಮಾತಾಡಿಸಿ ಬಂದ.

ಎಂಜಿನಿಯರಿಂಗ್ ಸಮಸ್ಯೆಗಿಂತ ಹಣದ ಸಮಸ್ಯೆ ದೊಡ್ಡದು. ಆಗಿನ ಹಂಗೆರಿಯಲ್ಲಿ ಗಣ್ಯ ವರ್ಗದವರು ತೆರಿಗೆ ಕಟ್ಟುತ್ತಿರಲಿಲ್ಲ, ಸುಂಕವನ್ನೂ ಕೊಡುತ್ತಿರಲಿಲ್ಲ. ತೇಲುಸೇತುವೆಯ ಮೇಲೆ ರೈತ ತನ್ನ ತರಕಾರಿ ಗಾಡಿಗೆ ಸುಂಕ ಕೊಟ್ಟು ದಾಟಬೇಕು, ಪಕ್ಕದಲ್ಲೇ ಜಮೀನುದಾರನ ಸಾರೋಟು ಪುಕ್ಕಟೆ ಹೋಗುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಎನ್ನುವ ನಮ್ಮ ಗಾದೆ ಆ ರೈತನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಸೆಚೆನಿಯ ಲೆಕ್ಕ ಸ್ಪಷ್ಟವಿತ್ತು. ಖಾಸಗಿ ಬಂಡವಾಳದಿಂದ ಕಲ್ಲು ಕಬ್ಬಿಣದ ಸೇತುವೆ ಕಟ್ಟಬೇಕಾದರೆ ಬಂಡವಾಳ ಹಾಕಿದವರಿಗೆ ಸುಂಕದಿಂದಲೇ ಹಣ ಮರಳಬೇಕು. ಅದಕ್ಕೆ ದಾಟುವವರೆಲ್ಲ ಸುಂಕ ಕೊಡಬೇಕು, ಗಣ್ಯರೂ ಕೊಡಬೇಕು. 1836ರಲ್ಲಿ ಶಾಸನಸಭೆ ಇದನ್ನು ಒಪ್ಪಿ ಕಾಯಿದೆ ಮಾಡಿತು. ಸುಂಕದ ಮೊತ್ತ ಪುಡಿಗಾಸು. ಆದರೆ ಶತಮಾನಗಳಿಂದ ನಡೆದುಬಂದ ವಿನಾಯಿತಿಯ ಗೋಡೆಯಲ್ಲಿ ಬಿದ್ದ ಮೊದಲ ಬಿರುಕು ಅದು. ದೇಶದ ಮುಖ್ಯ ನ್ಯಾಯಾಧೀಶನಾಗಿದ್ದ ಚಿರಾಕಿ ಎಂಬ ಹಿರಿಯ, ಆ ಸೇತುವೆಯ ಮೇಲೆ ಎಂದೂ ಕಾಲಿಡುವುದಿಲ್ಲ ಎಂದು ಕಣ್ಣೀರು ಹಾಕಿ ಶಪಥ ಮಾಡಿದನೆಂದು ಹೇಳುತ್ತಾರೆ. ಪುಡಿಗಾಸಿಗೆ ಅತ್ತದ್ದಲ್ಲ ಅವನು. ಮುಂದೆ ಏನೇನು ಬರಲಿದೆ ಎಂದು ಅವನಿಗೆ ಗೊತ್ತಾಗಿತ್ತು. 1848ರಲ್ಲಿ ಗಣ್ಯರ ತೆರಿಗೆ ವಿನಾಯಿತಿ ಪೂರ್ತಿಯಾಗಿ ಹೋಯಿತು.

ಹೀಗೆ ಹುಟ್ಟಿದ್ದೇ ಸರಪಳಿ ಸೇತುವೆ. ಹಣ ಹಾಕಿದವರಲ್ಲಿ ಮುಖ್ಯನಾದವನು ವಿಯೆನ್ನಾದ ಬ್ಯಾಂಕರ್, ಗ್ರೀಕ್ ಮೂಲದ ಜಾರ್ಜ್ ಸೀನಾ. ವಿನ್ಯಾಸ ಮಾಡಿದವನು ಇಂಗ್ಲೆಂಡಿನ ವಿಲಿಯಂ ಟಿಯರ್ನಿ ಕ್ಲಾರ್ಕ್. ಥೇಮ್ಸ್ ನದಿಯ ಮೇಲೆ ಮಾರ್ಲೋ ಎಂಬ ಊರಿನಲ್ಲಿ ಅವನು ಕಟ್ಟಿದ ಪುಟ್ಟ ತೂಗುಸೇತುವೆ ಇಂದಿಗೂ ಇದೆ. ಅದನ್ನು ನೋಡಿದವರಿಗೆ ಬುಡಾಪೆಸ್ಟಿನದು ಅದರ ದೊಡ್ಡಣ್ಣ ಎಂದು ಕೂಡಲೇ ತಿಳಿಯುತ್ತದೆ. ಸ್ಥಳದಲ್ಲಿ ನಿಂತು ಕಟ್ಟಿಸಿದವನು ಸ್ಕಾಟ್ಲೆಂಡಿನ ಆಡಂ ಕ್ಲಾರ್ಕ್. ಇಬ್ಬರೂ ಕ್ಲಾರ್ಕ್ ಆದರೂ ನೆಂಟರಲ್ಲ. ಆಡಂ ಅಲ್ಲಿನ ಹೆಣ್ಣನ್ನೇ ಮದುವೆಯಾಗಿ ಆ ಊರಲ್ಲೇ ನೆಲೆಸಿದ. ಸೇತುವೆಯ ಬುಡಾ ತುದಿಯಿಂದ ಕೋಟೆ ಗುಡ್ಡದ ಕೆಳಗೆ ಹಾಯುವ ಸುರಂಗವೂ ಅವನದೇ ಕೆಲಸ. ಮಳೆ ಬಂದರೆ ಸೇತುವೆ ನೆನೆಯಬಾರದಲ್ಲ, ಒಳಗೆ ತಳ್ಳಿ ಇಡುವುದಕ್ಕೆ ಸುರಂಗ ಮಾಡಿದ್ದಾರೆ ಎಂದು ಅಲ್ಲಿನವರು ತಮಾಷೆ ಮಾಡುತ್ತಾರೆ.

ಸೇತುವೆ ನದಿಯೊಳಗೆ ನಿಂತಿರುವುದು ಎರಡೇ ಕಂಬಗಳ ಮೇಲೆ. ನಡುವಿನ ಅಂತರ 202 ಮೀಟರ್. ಆ ಕಾಲಕ್ಕೆ ಜಗತ್ತಿನ ದೊಡ್ಡ ಅಂತರಗಳಲ್ಲಿ ಅದೊಂದು. ಸೇತುವೆ ಬೇಡವೆಂದವರ ದೊಡ್ಡ ವಾದ ಮಂಜುಗಡ್ಡೆಯದಾಗಿತ್ತು: ಕಂಬಗಳಿಗೆ ಬಂಡೆಗಳು ಸಿಕ್ಕಿಕೊಂಡು ಒಡ್ಡಾಗಿ, ನೀರು ಊರಿಗೆ ನುಗ್ಗುತ್ತದೆ ಎಂದು. ಹೆದರಿಕೆ ಸುಳ್ಳಲ್ಲ. 1838ರ ಮಾರ್ಚಿನಲ್ಲಿ, ಸೇತುವೆಯ ಕೆಲಸ ಶುರುವಾಗುವ ಮೊದಲೇ, ಊರಿನ ಕೆಳಗಡೆ ಮಂಜುಗಡ್ಡೆ ಕಟ್ಟಿಕೊಂಡು ಪೆಸ್ಟ್ ಮುಳುಗಿತು. 2,000ಕ್ಕೂ ಹೆಚ್ಚು ಮನೆಗಳು ಕುಸಿದವು, ಸುಮಾರು 150 ಜನ ಸತ್ತರು. ಕಂಬ ಎರಡೇ ಸಾಕು ಎನ್ನುವ ತೂಗುಸೇತುವೆಯ ಮಾದರಿಗೆ ಇದೂ ಒಂದು ಬಲವಾದ ಸಮರ್ಥನೆ. 1842ರ ಆಗಸ್ಟ್ 24ರಂದು ಶಂಕುಸ್ಥಾಪನೆ ಆಯಿತು. ನದಿಯ ತಳಕ್ಕೆ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ಹೊಡೆದು ಗೋಡೆ ಮಾಡಿ, ಒಳಗಿನ ನೀರನ್ನು ಹೊರಹಾಕಿ, ಒಣ ತಳದಲ್ಲಿ ಕಂಬದ ಅಸ್ತಿವಾರ ಕಟ್ಟುವ ಕೆಲಸ. ಇಂದು ಕಾಫರ್ ಡ್ಯಾಂ ಎನ್ನುತ್ತೇವಲ್ಲ, ಅದೇ. ಆಗ ಉಕ್ಕಿನ ಹಾಳೆಗಳಿರಲಿಲ್ಲ, ಡೀಸೆಲ್ ಪಂಪ್ ಇರಲಿಲ್ಲ. ಪ್ರತಿ ಚಳಿಗಾಲವೂ ಆ ಮರದ ಗೋಡೆಗೆ ಮಂಜುಗಡ್ಡೆಯ ಪರೀಕ್ಷೆ.

1848ರ ಜುಲೈ 18ರಂದು ಸರಪಳಿಯ ಕೊನೆಯ ಭಾಗವನ್ನು ಮೇಲೆತ್ತುವಾಗ ಎತ್ತುವ ಸಾಧನ ತುಂಡಾಯಿತು. ಸರಪಳಿ ಕೆಳಗೆ ಬಿದ್ದು ಕೆಲಸದ ಅಟ್ಟಣಿಗೆಯನ್ನು ಒಡೆಯಿತು. ನೋಡಲು ಬಂದಿದ್ದ ಸೆಚೆನಿ ಸಹ ನದಿಗೆ ಬಿದ್ದು ಈಜಿ ದಡ ಸೇರಿದ. ಆಗ ಅವನು, ಆಸ್ಟ್ರಿಯಾದ ಆಳ್ವಿಕೆಯ ವಿರುದ್ಧ ಆ ವರ್ಷ ಎದ್ದ ಕ್ರಾಂತಿಯ ನಂತರದ ಮೊದಲ ಹಂಗೆರಿ ಸರಕಾರದಲ್ಲಿ ಮಂತ್ರಿ. ಎರಡು ತಿಂಗಳು ಕಳೆಯುವಷ್ಟರಲ್ಲಿ, ದೇಶ ಯುದ್ಧದ ಕಡೆಗೆ ಸರಿಯುತ್ತಿರುವುದನ್ನು ಕಂಡು ಮನಸ್ಸು ಮುರಿದು, ವಿಯೆನ್ನಾದ ಹತ್ತಿರದ ಡೋಬ್ಲಿಂಗ್ ಮನೋರೋಗ ಚಿಕಿತ್ಸಾಲಯ ಸೇರಿದ. 1860ರಲ್ಲಿ ಅಲ್ಲೇ ಪ್ರಾಣ ಕಳೆದುಕೊಂಡ. ಮುಗಿದ ಸೇತುವೆಯನ್ನು ಅವನು ನೋಡಲೇ ಇಲ್ಲ.

ಇನ್ನೂ ಉದ್ಘಾಟನೆಯಾಗದ ಸೇತುವೆಯ ಮೇಲೆ ಮೊದಲು ನಡೆದದ್ದು ಸೇನೆಗಳು. 1849ರ ಮೇ ತಿಂಗಳಲ್ಲಿ ಹಂಗೆರಿ ಸೇನೆ ಬುಡಾ ಕೋಟೆಯನ್ನು ಮುತ್ತಿದಾಗ ಒಳಗಿದ್ದ ಆಸ್ಟ್ರಿಯಾದ ಕರ್ನಲ್ ಆಲ್ನೋಕ್ ಸೇತುವೆಗೆ ಮದ್ದಿಟ್ಟು ತಾನೇ ಬೆಂಕಿ ಕೊಟ್ಟ. ಸತ್ತದ್ದು ಅವನು, ಸೇತುವೆ ಉಳಿಯಿತು. ಕ್ರಾಂತಿ ಸೋತಿತು. 1849ರ ನವೆಂಬರ್ 20ರಂದು ಸೇತುವೆಯನ್ನು ತೆರೆದವನು ಆಸ್ಟ್ರಿಯಾದ ಸೇನಾಪತಿ ಹೈನಾವು. ಅದಕ್ಕೆ ಆರೇಳು ವಾರದ ಹಿಂದೆ, ಅಕ್ಟೋಬರ್ 6ರಂದು, ಹಂಗೆರಿಯ 13 ಸೇನಾನಿಗಳನ್ನೂ ಮೊದಲ ಪ್ರಧಾನಮಂತ್ರಿ ಬಾತ್ಯಾನಿಯನ್ನೂ ಕೊಲ್ಲಿಸಿದವನು ಅವನೇ. ಒಂದು ದೇಶದ ಸುಧಾರಣೆಯ ಕನಸಾಗಿ ಶುರುವಾದ ಸೇತುವೆಗೆ ಇಂಥ ಕೈಯಿಂದ ರಿಬ್ಬನ್ ಕತ್ತರಿ.

ಸಿಂಹಗಳ ಬಗ್ಗೆ ಹೇಳದೆ ಹೋದರೆ ನೀವು ಬಿಡುವುದಿಲ್ಲ. ಎರಡೂ ತುದಿಯ ನಾಲ್ಕು ಕಲ್ಲಿನ ಸಿಂಹಗಳು 1852ರವು, ಮಾರ್ಶಾಲ್ಕೋ ಎಂಬ ಶಿಲ್ಪಿಯವು. ಸಿಂಹಗಳಿಗೆ ನಾಲಗೆ ಇಲ್ಲವೆಂದು ಒಬ್ಬ ಹುಡುಗ ಕೂಗಿದ, ಅವಮಾನ ತಾಳದೆ ಶಿಲ್ಪಿ ನದಿಗೆ ಹಾರಿದ ಎಂದು ಪ್ರತಿ ಗೈಡೂ ಹೇಳುತ್ತಾನೆ. ನಾಲಗೆ ಇದೆ, ಕೆಳಗಿನಿಂದ ಕಾಣುವುದಿಲ್ಲ ಅಷ್ಟೆ. ಶಿಲ್ಪಿಯೂ ಆಮೇಲೆ ಎಷ್ಟೋ ವರ್ಷ ಬದುಕಿದ್ದ.

ಸೇತುವೆ ಕಂಪನಿಗೆ ಕೊಟ್ಟ ಹಕ್ಕಿನಲ್ಲಿ ಒಂದು ಗಂಟು ಇತ್ತು. ಸರಪಳಿ ಸೇತುವೆಯ ಆಸುಪಾಸಿನಲ್ಲಿ ಬೇರೆ ಯಾರೂ ಸೇತುವೆ ಕಟ್ಟುವಂತಿರಲಿಲ್ಲ. ಊರು ಬೆಳೆಯುತ್ತಿತ್ತು, ದಾರಿ ಒಂದೇ. ಕೊನೆಗೆ 1870ರಲ್ಲಿ ಸರಕಾರ ಕಂಪನಿಯಿಂದ ಸೇತುವೆಯನ್ನು ಕೊಂಡಿತು. 1873ರಲ್ಲಿ ಬುಡಾ, ಓಬುಡಾ, ಪೆಸ್ಟ್ ಮೂರೂ ಸೇರಿ ಬುಡಾಪೆಸ್ಟ್ ಎಂಬ ಒಂದು ನಗರವಾಯಿತು. ಗಮನಿಸಿ, ಸೇತುವೆ ಬಂದು 24 ವರ್ಷವಾದ ಮೇಲೆ ಊರು ಬಂತು.

ಹಕ್ಕು ಬಿಡುಗಡೆಯಾದ ಕೂಡಲೇ ಎದ್ದದ್ದು ಮಾರ್ಗರೆಟ್ ಸೇತುವೆ. ಫ್ರಾನ್ಸಿನ ಎರ್ನೆಸ್ಟ್ ಗ್ವೆನ್ ಕಂಪನಿ 1872ರಲ್ಲಿ ಶುರು ಮಾಡಿ 1876ರ ಏಪ್ರಿಲ್ 30ಕ್ಕೆ ತೆರೆಯಿತು. ನಕ್ಷೆಯಲ್ಲಿ ನೋಡಿದರೆ ಇದು ನಡುವೆ ಸೊಂಟ ಬಾಗಿಸಿ ನಿಂತಂತೆ ಕಾಣುತ್ತದೆ. ಕಾರಣವಿದೆ. ಮಾರ್ಗರೆಟ್ ದ್ವೀಪದ ಎರಡು ಬದಿಯಲ್ಲಿ ನದಿ ಎರಡು ಕವಲಾಗಿ ಹರಿದು, ದ್ವೀಪದ ತೆಂಕಣ ತುದಿಯಲ್ಲಿ ಕೂಡಿಕೊಳ್ಳುತ್ತದೆ. ಕಂಬಗಳು ಪ್ರವಾಹಕ್ಕೆ ನೇರವಾಗಿ ನಿಂತರೆ ನೀರಿಗೂ ಮಂಜುಗಡ್ಡೆಗೂ ತಡೆ ಕಡಿಮೆ. ಎರಡೂ ಕವಲನ್ನು ನೇರವಾಗಿ ದಾಟಬೇಕಾದರೆ ಸೇತುವೆ ನಡುವೆ ಬಾಗಲೇಬೇಕು. ನೋಡುವವರಿಗೆ ಶೋಕಿಯಂತೆ ಕಂಡರೂ ಇದು ನೀರಿನ ಲೆಕ್ಕ. ಬಾಗಿದ ಜಾಗದಿಂದ ದ್ವೀಪಕ್ಕೆ ಇಳಿಯುವ ಕವಲು 1900ರಲ್ಲಿ ಬಂತು.

ಇದೇ ಸೇತುವೆ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಘೋರವಾಗಿ ಬಿದ್ದದ್ದು. 1944ರ ನವೆಂಬರ್ 4ರಂದು ಜರ್ಮನ್ ಸೈನಿಕರು ಮುಂದಿನ ದಿನಗಳಿಗಾಗಿ ಮದ್ದು ಅಳವಡಿಸುತ್ತಿದ್ದಾಗ ಅದು ಅಕಾಲದಲ್ಲಿ ಸಿಡಿಯಿತು. ಹಗಲು ಹೊತ್ತು. ಟ್ರಾಮು, ಬಸ್ಸು, ಕಾಲ್ನಡಿಗೆಯ ಜನ ತುಂಬಿದ್ದ ಪೆಸ್ಟ್ ಬದಿಯ ಭಾಗ ಹಾಗೇ ನದಿಗೆ ಕುಸಿಯಿತು. ಸತ್ತವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಾನು ಇಲ್ಲಿ ಯಾವುದನ್ನೂ ಹೇಳಲಾರೆ.

ಈಗ 1894ಕ್ಕೆ ಬನ್ನಿ. ನಮ್ಮಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಇಲ್ಲಿ ಸ್ವಲ್ಪ ಕಿವಿಗೊಡಿ. ಆ ವರ್ಷ ಬುಡಾಪೆಸ್ಟಿನಲ್ಲಿ ಎರಡು ಹೊಸ ಸೇತುವೆಗಳಿಗೆ ಅಂತರರಾಷ್ಟ್ರೀಯ ವಿನ್ಯಾಸ ಸ್ಪರ್ಧೆ ನಡೆಯಿತು. ಮೊದಲ ಬಹುಮಾನ ಬಂದದ್ದು ಜರ್ಮನಿಯ ಯೂಲಿಯುಸ್ ಕ್ಯೂಬ್ಲರ್ ಎಂಬುವನ ಕೇಬಲ್ ತೂಗುಸೇತುವೆಗೆ. ಎರಡನೆಯದು ಹಂಗೆರಿಯ ಫೆಕೆತೆಹಾಜಿ ಯಾನೋಶ್ ಎಂಬುವನ ಉಕ್ಕಿನ ಸೇತುವೆಗೆ. ಆದರೆ ಮೊದಲು ಎದ್ದು ನಿಂತದ್ದು ಎರಡನೆಯ ಬಹುಮಾನದವನದು. ಅದೇ ಫ್ರಾನ್ಜ್ ಜೋಸೆಫ್ ಸೇತುವೆ, ಇಂದಿನ ಸ್ವಾತಂತ್ರ್ಯ ಸೇತುವೆ, ಹಸಿರು ಬಣ್ಣದ್ದು. ನನಗೆ ಆ ಊರಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ.

ದೂರದಿಂದ ನೋಡಿದರೆ ತೂಗುಸೇತುವೆಯ ಹಾಗೆ ಕಾಣುತ್ತದೆ. ಗೋಪುರದಿಂದ ಗೋಪುರಕ್ಕೆ ಜೋತುಬಿದ್ದ ಗೆರೆ. ತೂಗುವುದೇನೂ ಇಲ್ಲ. ಎರಡು ಕಂಬಗಳಿಂದ ಎರಡೂ ಕಡೆಗೆ ತೋಳು ಚಾಚಿಕೊಂಡ ಉಕ್ಕಿನ ಚೌಕಟ್ಟುಗಳು, ನಡುವೆ ಆ ತೋಳುಗಳ ತುದಿಯ ಮೇಲೆ ಕೂತ ಒಂದು ಸಣ್ಣ ತುಂಡು. ಕ್ಯಾಂಟಿಲಿವರ್ ಅನ್ನುತ್ತೇವಲ್ಲ, ಅದು. ಹಾಗಾದರೆ ಮೇಲಿನ ಗೆರೆ ಯಾಕೆ ಹಾಗೆ ಜೋತುಬಿದ್ದಿದೆ? ಕಂಬದ ಮೇಲೆ ಬಾಗುವ ಬಲ ಹೆಚ್ಚು, ಅಲ್ಲಿ ಚೌಕಟ್ಟು ಎತ್ತರವಿರಬೇಕು. ನಡುವೆ ಬಲ ಕಡಿಮೆ, ಅಲ್ಲಿ ತಗ್ಗು ಸಾಕು. ಬಲದ ಗೆರೆಯೂ ಕಣ್ಣಿಗೆ ಹಿತವಾದ ಗೆರೆಯೂ ಒಂದೇ ಆಗಿ, ಪಕ್ಕದ ಸರಪಳಿ ಸೇತುವೆಯ ಆಕಾರಕ್ಕೂ ಹೊಂದಿಕೊಂಡಿತು. ಗೋಪುರಗಳ ತುದಿಯಲ್ಲಿ ಚಿನ್ನದ ಚೆಂಡುಗಳ ಮೇಲೆ ರೆಕ್ಕೆ ಬಿಚ್ಚಿದ ಹಂಗೆರಿಯ ಪುರಾಣದ ತುರುಲ್ ಹಕ್ಕಿಗಳು. 1896ರ ಅಕ್ಟೋಬರ್ 4ರಂದು ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಬಂದು ಕೊನೆಯ ರಿವೆಟ್ಟನ್ನು, ಅದೂ ಬೆಳ್ಳಿಯದ್ದು, ಕೂರಿಸಿದ. ಹಂಗೆರಿ ದೇಶದ ಸಾವಿರ ವರ್ಷದ ಸಂಭ್ರಮದ ವರ್ಷ ಅದು. ಬೆಳ್ಳಿಯ ರಿವೆಟ್ಟು ಆಮೇಲೆ ಕಳುವಾಯಿತು. ಆಗದಿದ್ದರೆ ಆಶ್ಚರ್ಯಪಡಬೇಕಿತ್ತು.

ಮೊದಲ ಬಹುಮಾನದ ಕೇಬಲ್ ಸೇತುವೆಯ ಗತಿ? ಎಲಿಜಬೆತ್ ಸೇತುವೆಯ ಜಾಗಕ್ಕೆ ಅದು ಸರಿಯಾಗಿತ್ತು. ನದಿ ಕಿರಿದಾದ ಜಾಗ, ನೀರಲ್ಲಿ ಒಂದು ಕಂಬವೂ ಬೇಡ, 290 ಮೀಟರನ್ನು ಒಂದೇ ನೆಗೆತಕ್ಕೆ ದಾಟಬಹುದು. ಆದರೆ ಅಂಥ ಕೇಬಲ್ ಹೆಣೆಯುವ ಕಾರ್ಖಾನೆ ಹಂಗೆರಿಯಲ್ಲಿರಲಿಲ್ಲ, ಉಕ್ಕಿನ ಕೆಲಸವೆಲ್ಲ ದೇಶದೊಳಗೇ ಆಗಬೇಕೆಂಬ ಹಟ ಇತ್ತು. ಹಾಗಾಗಿ ಹಳೆಯ ಮಾದರಿಗೇ ಹಿಂತಿರುಗಿ ಸರಪಳಿಯಲ್ಲಿ ಕಟ್ಟಿದರು. 1903ರ ಅಕ್ಟೋಬರ್ 10ರಂದು ಅದು ತೆರೆದಾಗ ಸರಪಳಿ ತೂಗುಸೇತುವೆಗಳಲ್ಲಿ ಜಗತ್ತಿನಲ್ಲೇ ಉದ್ದ ಅಂತರದ್ದು. 1926ರಲ್ಲಿ ಬ್ರೆಜಿಲಿನಲ್ಲಿ ಇನ್ನೊಂದು ಬರುವವರೆಗೆ ಆ ಪಟ್ಟ ಉಳಿಯಿತು. ಹೆಸರು ಫ್ರಾನ್ಜ್ ಜೋಸೆಫನ ಹೆಂಡತಿ ರಾಣಿ ಎಲಿಜಬೆತ್‌ಳದು. 1898ರಲ್ಲಿ ಜಿನೀವಾದಲ್ಲಿ ಕೊಲೆಯಾದ ಅವಳೆಂದರೆ ಹಂಗೆರಿಯವರಿಗೆ ಗಂಡನಿಗಿಂತ ಹೆಚ್ಚು ಪ್ರೀತಿ.

ಈ ಸೇತುವೆಗೆ ಜಾಗವೇ ವೈರಿ. ಪೆಸ್ಟ್ ಬದಿಯಲ್ಲಿ ಊರಿನ ಅತ್ಯಂತ ಹಳೆಯ ಚರ್ಚಿನ ಗೋಡೆಗೆ ಸವರಿಕೊಂಡು ಹೋಗುತ್ತದೆ. ಹಳೆಯ ಪೇಟೆಯ ಎಷ್ಟೋ ಕಟ್ಟಡಗಳು ಅದಕ್ಕಾಗಿ ನೆಲಸಮವಾದವು. ಬುಡಾ ಬದಿಯಲ್ಲಿ ನೇರವಾಗಿ ಗೆಲ್ಲೆರ್ಟ್ ಗುಡ್ಡದ ಬಂಡೆಗೆ ಎದುರಾಗುತ್ತದೆ, ರಸ್ತೆ ಸರ್ರನೆ ತಿರುಗಬೇಕು. ಜೊತೆಗೆ ಗುಡ್ಡದ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳು, ಅಲ್ಲೇ ಪಕ್ಕದಲ್ಲಿ ತುರ್ಕರ ಕಾಲದ ಸ್ನಾನಗೃಹ. ಅಂಥ ನೆಲದಲ್ಲಿ ಸರಪಳಿಯ ಎಳೆತವನ್ನು ತಡೆದುಕೊಳ್ಳಬೇಕಾದ ಬುಡಾ ಬದಿಯ ಆಧಾರ ಕಟ್ಟಡ ಕೆಲಸ ನಡೆಯುವಾಗಲೇ ನದಿಯ ಕಡೆಗೆ ಜರುಗಿತು. ಅದಕ್ಕೆ ಭಾರ ಹೇರಿ ಬಲಪಡಿಸಬೇಕಾಯಿತು. ತೂಗುಸೇತುವೆಯ ಆಧಾರ ಜರುಗಿತು ಎಂದರೆ ಎಂಜಿನಿಯರಿಗೆ ನಿದ್ದೆ ಬರುವುದಿಲ್ಲ.

ಈಗ ಮತ್ತೆ 1945. ಎಲ್ಲವೂ ನೀರಿನಲ್ಲಿದೆ. ಮೊದಲ ಕೆಲಸ ದಾಟುವುದು. ಸಂಸತ್ ಭವನದ ಹತ್ತಿರ ಕೊಶುತ್ ಸೇತುವೆ ಎಂಬ ತಾತ್ಕಾಲಿಕ ಸೇತುವೆಯನ್ನು ಎಂಟು ತಿಂಗಳಲ್ಲಿ ಎತ್ತಿ, 1946ರ ಜನವರಿ 18ರಂದು ತೆರೆದರು. ಐದರಲ್ಲಿ ಮೂರು ಸೇತುವೆ ಬಿದ್ದದ್ದು ಅದೇ ತಾರೀಖಿಗೆ, ಒಂದು ವರ್ಷದ ಹಿಂದೆ. ಚಳಿಗಾಲದ ಮಂಜುಗಡ್ಡೆಯ ಮುಂದೆ ತೇಲುಸೇತುವೆಗಳು ನಿಲ್ಲಲಾರವಾದ್ದರಿಂದ ಆ ದಿನಗಳಲ್ಲಿ ಕೊಶುತ್ ಸೇತುವೆಯೇ ಊರಿನ ಜೀವನಾಡಿ. ಹತ್ತು ವರ್ಷ ದುಡಿದು, ವಾಹನಗಳಿಗೆ ಮುಚ್ಚಿ, 1960ರಲ್ಲಿ ಕೀಳಲ್ಪಟ್ಟಿತು. ಪ್ರವಾಸಿ ಪುಸ್ತಕಗಳಲ್ಲಿ ಅದರ ಹೆಸರು ಅಪರೂಪ. ನನ್ನ ಲೆಕ್ಕದಲ್ಲಿ ಊರಿನ ಶ್ರೇಷ್ಠ ಸೇತುವೆಗಳ ಪಟ್ಟಿಯಲ್ಲಿ ಅದಕ್ಕೊಂದು ಜಾಗ ಇರಲೇಬೇಕು.

ಖಾಯಂ ಸೇತುವೆಗಳಲ್ಲಿ ಮೊದಲು ಎದ್ದದ್ದು ಫೆಕೆತೆಹಾಜಿಯ ಫ್ರಾನ್ಜ್ ಜೋಸೆಫ್ ಸೇತುವೆ, 1946ರ ಆಗಸ್ಟ್ 20ಕ್ಕೆ. ಹಾನಿ ಎಲ್ಲಕ್ಕಿಂತ ಕಡಿಮೆ ಇದಕ್ಕೆ. ಮುಖ್ಯವಾಗಿ ನಡುವಿನ ತುಂಡು ಹೋಗಿತ್ತು, ತೋಳುಗಳು ಬಹುಪಾಲು ನಿಂತಿದ್ದವು. ಕ್ಯಾಂಟಿಲಿವರಿನ ಗುಣ ಅದು. ಹೋದದ್ದನ್ನು ಇದ್ದಂತೆಯೇ ಮಾಡಿ ಕೂರಿಸಿದರು. ಬದಲಾದದ್ದು ಹೆಸರು. ಚಕ್ರವರ್ತಿ ಹೋಗಿ ಸ್ವಾತಂತ್ರ್ಯ ಬಂತು.

ಮಾರ್ಗರೆಟ್ ಸೇತುವೆಯನ್ನು 1948ರ ಹೊತ್ತಿಗೆ ಪೂರ್ತಿ ಕಟ್ಟಿದರು. ಕಂಬಗಳು, ಆಕಾರ ಹಳೆಯದೇ. ಆದರೆ ಅಗಲ ಹೆಚ್ಚು, ಅಲಂಕಾರ ಕಡಿಮೆ. 2009ರಿಂದ 2011ರವರೆಗಿನ ದುರಸ್ತಿಯಲ್ಲಿ ಹಳೆಯ ಕಂಬಿಬೇಲಿಯ ಅಲಂಕಾರವನ್ನು ಮರಳಿ ತಂದರು. ಯುದ್ಧ ಮುಗಿದು ಅರವತ್ತು ವರ್ಷವಾದ ಮೇಲೆ ಸೊಬಗಿಗೆ ಪುರುಸೊತ್ತಾಯಿತು ಎನ್ನಬೇಕು.

ಸರಪಳಿ ಸೇತುವೆಗೆ ಗಡುವನ್ನು ಇತಿಹಾಸವೇ ಕೊಟ್ಟಿತ್ತು. 1949ರ ನವೆಂಬರ್ 20ಕ್ಕೆ ನೂರು ವರ್ಷ. ಅದೇ ದಿನ ತೆರೆದರು. ಗೋಪುರಗಳು ಸಿಡಿತದಲ್ಲಿ ಉಳಿದಿದ್ದವು, ಬಿದ್ದದ್ದು ಸರಪಳಿ ಮತ್ತು ದಾರಿ. ಹಳೆಯ ಆಕಾರವನ್ನೇ ತಂದರು. ಆದರೂ ಕದ್ದುಮುಚ್ಚಿ ಒಂದು ತಿದ್ದುಪಡಿ ಮಾಡಿದರು. ವಾಹನಗಳಿಗೆ ಇಕ್ಕಟ್ಟಾಗಿದ್ದ ಗೋಪುರದ ಕಮಾನು ಬಾಗಿಲುಗಳನ್ನು ಅಗಲ ಮಾಡಿದರು. ಇನ್ನೂ ಒಂದು ಮಾತಿದೆ. 1913ರಿಂದ 1915ರವರೆಗೆ ಒಮ್ಮೆ ಇಡೀ ಸರಪಳಿಯನ್ನೂ ದಾರಿಯ ಚೌಕಟ್ಟನ್ನೂ ತೆಗೆದು ಬಲವಾದ ಉಕ್ಕಿನದು ಹಾಕಿದ್ದರು. ಅಂದರೆ ಜರ್ಮನ್ನರು ಬೀಳಿಸಿದ್ದು ಕ್ಲಾರ್ಕನ ಕಬ್ಬಿಣವನ್ನಲ್ಲ, ಅದು ಆಗಲೇ ಹೋಗಿತ್ತು. ಆ ಸೇತುವೆಯಲ್ಲಿ 1849ರದ್ದು ಎಂದು ನಂಬಿಕೆಯಿಂದ ಮುಟ್ಟಬಹುದಾದದ್ದು ಕಲ್ಲು. ಆದರೂ ಅದು ಸೆಚೆನಿಯ ಸೇತುವೆ ಎನ್ನುವುದರಲ್ಲಿ ಅಲ್ಲಿ ಯಾರಿಗೂ ಅನುಮಾನವಿಲ್ಲ. ನನಗೂ ಇಲ್ಲ. ಎರಡು ಕಂಬ, 202 ಮೀಟರ್, ಆ ಜೋತು, ಆ ಜಾಗ. ಸೇತುವೆ ಎಂದರೆ ಲೋಹಕ್ಕಿಂತ ಆ ನಿರ್ಧಾರಗಳು.

ಎಲಿಜಬೆತ್ ಸೇತುವೆ ಮಾತ್ರ ಬಹುಕಾಲ ಹಾಳುಬಿದ್ದಿತ್ತು. ಬುಡಾ ಬದಿಯ ಗೋಪುರ ಕುಸಿದಿತ್ತು, ಪೆಸ್ಟ್ ಬದಿಯದು ಒಂಟಿಯಾಗಿ ನಿಂತಿತ್ತು. ಹಳೆಯದನ್ನೇ ಮರಳಿ ಕಟ್ಟಬೇಕೆಂಬ ಆಸೆ ಊರಿನಲ್ಲಿತ್ತು, ಏಕೆಂದರೆ ಎಲ್ಲಕ್ಕಿಂತ ಚೆಲುವೆ ಅದೇ ಎನ್ನುವವರು ಬಹಳ. ಕೊನೆಗೆ ಗೆದ್ದದ್ದು ಸಂಚಾರದ ಲೆಕ್ಕ. ಶಾವೊಯ್ ಪಾಲ್ ಎಂಬ ಎಂಜಿನಿಯರ್ 1961ರಿಂದ 1964ರವರೆಗೆ ಅದೇ ಜಾಗದಲ್ಲಿ, ಅದೇ 290 ಮೀಟರ್ ಅಂತರಕ್ಕೆ, ಹೆಚ್ಚು ಅಗಲದ ಹೊಸ ಸೇತುವೆ ಕಟ್ಟಿದ. ಬಿಳಿಯದು, ಒಂದು ಬಳ್ಳಿ ಹೂವಿನ ಅಲಂಕಾರವೂ ಇಲ್ಲ. ಸರಪಳಿಯ ಬದಲು ಕೇಬಲ್. ನೆನಪಿದೆಯಲ್ಲ, 1894ರಲ್ಲಿ ಮೊದಲ ಬಹುಮಾನ ಪಡೆದು ಕಾಗದದಲ್ಲೇ ಉಳಿದ ಕೇಬಲ್ ಸೇತುವೆ? ಸ್ಪರ್ಧೆ ಮುಗಿದು ಸರಿಯಾಗಿ 70 ವರ್ಷಕ್ಕೆ ಅದೇ ನೀರಿನ ಮೇಲೆ ಕೇಬಲ್ ಸೇತುವೆ ಬಂತು. ಯುದ್ಧ ಹಳೆಯದನ್ನು ಬೀಳಿಸದಿದ್ದರೆ ಬರುತ್ತಿರಲಿಲ್ಲ. ಯುದ್ಧಕ್ಕೆ ಕೃತಜ್ಞತೆ ಹೇಳುತ್ತಿಲ್ಲ ನಾನು, ಆದದ್ದನ್ನು ಹೇಳುತ್ತಿದ್ದೇನೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಹೋರ್ತಿ ಸೇತುವೆ 1937ರದು, 1952ರಲ್ಲಿ ಮರಳಿ ಬಂದು ಕವಿ ಪೆಟೋಫಿಯ ಹೆಸರು ಪಡೆಯಿತು. ಆರ್ಪಾಡ್ ಸೇತುವೆಯನ್ನು 1939ರಲ್ಲಿ ಶುರು ಮಾಡಿ, ಯುದ್ಧದಿಂದ ನಿಂತು, 1950ರಲ್ಲಿ ಸ್ಟಾಲಿನ್ ಸೇತುವೆ ಎಂದು ತೆರೆದರು. 1958ರಲ್ಲಿ ಆ ಹೆಸರನ್ನು ಅಳಿಸಿದರು. 1995ರಲ್ಲಿ ತೆಂಕಣ ತುದಿಯಲ್ಲಿ ಬಂದ ಸೇತುವೆ 2011ರಲ್ಲಿ ರಾಕೋಟ್ಸಿ ಸೇತುವೆಯಾಯಿತು. ಸರಕಾರ ಬದಲಾದರೆ ಅಲ್ಲಿ ಸೇತುವೆಯ ಫಲಕವೂ ಬದಲಾಗುತ್ತದೆ. ನಮಗೆ ಹೊಸದೇನಲ್ಲ ಬಿಡಿ.

ಪ್ರಶ್ನೆ: ಸೇತುವೆಗೆ ಸಿನಿಮಾ ನಟನ ಹೆಸರು ಇಡಲು ಹೊರಟಿದ್ದರು ಅಂತ ಓದಿದ್ದೆ ಸರ್, ನಿಜವೇ?

ನಿಜ. ನಗರದ ಬಡಗಣ ತುದಿಯ ಮೆಜೆರಿ ಸೇತುವೆ, 2008ರಲ್ಲಿ ತೆರೆದದ್ದು. ಹೆಸರು ಸೂಚಿಸಿ ಎಂದು 2006ರಲ್ಲಿ ಅಂತರ್ಜಾಲದಲ್ಲಿ ಮತ ಕೇಳಿದರು. ಮೊದಲು ಅಮೆರಿಕದ ನಟ ಚಕ್ ನಾರಿಸ್ ಮುಂದಿದ್ದ. ಆಮೇಲೆ ಅಮೆರಿಕದ ಟಿವಿ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ತನ್ನ ಪ್ರೇಕ್ಷಕರಿಗೆ ಕರೆ ಕೊಟ್ಟು 1 ಕೋಟಿ 70 ಲಕ್ಷ ಮತ ಹಾಕಿಸಿಕೊಂಡ. ಹಂಗೆರಿಯ ಜನಸಂಖ್ಯೆಯೇ ಸುಮಾರು ಒಂದು ಕೋಟಿ. ನಿಯಮದ ಪ್ರಕಾರ ಹೆಸರು ಪಡೆಯುವವರಿಗೆ ಹಂಗೆರಿ ಭಾಷೆ ಬರಬೇಕು, ಮತ್ತು ಅವರು ಸತ್ತಿರಬೇಕು ಎಂದು ಅಮೆರಿಕದಲ್ಲಿದ್ದ ಹಂಗೆರಿಯ ರಾಯಭಾರಿ ಅವನದೇ ಕಾರ್ಯಕ್ರಮಕ್ಕೆ ಹೋಗಿ ನಗುತ್ತಾ ತಿಳಿಸಿದರು. ಕೊನೆಗೆ ಸಮಿತಿ ಎರಡು ದಂಡೆಯ ಬಡಾವಣೆಗಳ ಹೆಸರಿನಲ್ಲಿದ್ದ ಸಾಮಾನ್ಯ ಭಾಗವನ್ನೇ ತೆಗೆದು ಇಟ್ಟಿತು.

ಪ್ರಶ್ನೆ: ಸರಪಳಿ ಸೇತುವೆ ಮೇಲೆ ಈಗ ಕಾರು ಬಿಡುವುದಿಲ್ಲವಂತೆ?

2021ರಿಂದ 2023ರವರೆಗೆ ದೊಡ್ಡ ದುರಸ್ತಿ ನಡೆಯಿತು. ಮತ್ತೆ ತೆರೆದಾಗ ಖಾಸಗಿ ಕಾರುಗಳಿಗೆ ಅವಕಾಶ ಕೊಡಲಿಲ್ಲ. ಬಸ್ಸು, ಟ್ಯಾಕ್ಸಿ, ಸೈಕಲ್ಲು ಹೋಗುತ್ತವೆ, ನಡೆಯುವವರು ನಡೆಯುತ್ತಾರೆ. ಇದರ ಬಗ್ಗೆ ಅಲ್ಲಿ ಜಗಳ ಇದೆ. ಕಾರಿನವರ ವಾದ, ನಮ್ಮ ತೆರಿಗೆಯಲ್ಲಿ ದುರಸ್ತಿಯಾದ ಸೇತುವೆ ನಮಗೇಕಿಲ್ಲ ಎಂದು. ನನ್ನನ್ನು ಕೇಳಿದರೆ ಕಾರು ಬಿಡದಿರುವುದೇ ಸರಿ. ಎರಡೇ ಸಾಲಿನ ದಾರಿ ಅದು, ಕಾರುಗಳಿಗೆ ಪಕ್ಕದಲ್ಲಿ ಬೇರೆ ಸೇತುವೆಗಳಿವೆ.

ಪ್ರಶ್ನೆ: ನಾವು ಹೋದರೆ ಒಂದು ದಿನವಷ್ಟೇ ಇರುವುದು. ಎಲ್ಲವನ್ನೂ ನೋಡುವುದು ಹೇಗೆ?

ದೋಣಿ ವಿಹಾರಕ್ಕೆ ದುಡ್ಡು ಸುರಿಯಬೇಡಿ. ಪೆಸ್ಟ್ ದಂಡೆಯ ಉದ್ದಕ್ಕೂ 2ನೇ ನಂಬರಿನ ಟ್ರಾಮ್ ಓಡುತ್ತದೆ. ಮಾರ್ಗರೆಟ್ ಸೇತುವೆಯ ಬುಡದಲ್ಲಿ ಹತ್ತಿ, ಬಲಗಡೆಯ ಕಿಟಕಿ ಹಿಡಿದು ಕೂರಿ, ನದಿ ಆ ಕಡೆ ಇರುತ್ತದೆ. ಸರಪಳಿ, ಎಲಿಜಬೆತ್, ಸ್ವಾತಂತ್ರ್ಯ, ಪೆಟೋಫಿ, ರಾಕೋಟ್ಸಿ ಇದೇ ಕ್ರಮದಲ್ಲಿ ಬರುತ್ತವೆ. ವಾಪಸ್ ಬರುವಾಗ ಸ್ವಾತಂತ್ರ್ಯ ಸೇತುವೆಯ ಹತ್ತಿರ ಇಳಿದು ನಡೆದು ದಾಟಿ. ನಡುವಿಗೆ ಬಂದಾಗ ಉಕ್ಕಿನ ಚೌಕಟ್ಟನ್ನು ಚೆನ್ನಾಗಿ ನೋಡಿ, ತೋಳಿನ ತುದಿಯ ಮೇಲೆ ನಡುವಿನ ತುಂಡು ಎಲ್ಲಿ ಕೂತಿದೆ ಎಂದು ಹುಡುಕಿ. ಅಲ್ಲಿನ ಹುಡುಗರು ಆ ಚೌಕಟ್ಟಿನ ಮೇಲೆ ಹತ್ತಿ ಕೂತು ಬಿಯರ್ ಕುಡಿಯುತ್ತಿರುತ್ತಾರೆ. ನೀವು ಹತ್ತಬೇಡಿ.